ಪುರುಸೊತ್ತಿಲ್ಲದವರ ವರಮಾನ

ಸೋಮವಾರ, ಹನ್ನೊಂದನೇ ತಾರೀಖು
ಆಸ್ಪತ್ರೆಯ ಬಟ್ಟೆ ಕೋಣೆ, ಊಟದ ಬಿಡುವು

ಬಲ್ಬುವಿನ ಅಪ್ಪನವರಿಗೆ,

ಮೂರು ವರ್ಷದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ಮಗಳಿಗೆ ನೀವೇ ಇಟ್ಟ ಅಡ್ಡಹೆಸರು ಕೈ ಹಿಡಿಯಿತು. ನಾನು ಚೆನ್ನಾಗಿದ್ದೇನೆ, ಅವಳೂ ಚೆನ್ನಾಗಿದ್ದಾಳೆ. ನೀವು ಚೆನ್ನಾಗಿದ್ದೀರಾ ಎಂದು ಕೇಳುವುದಕ್ಕಿಂತ ಮೊದಲು ನಿಮ್ಮ ತಲೆ ನೆಟ್ಟಗಿದೆಯೇ ಎಂದು ಕೇಳಬೇಕಾಗಿದೆ, ಅದಕ್ಕೇ ಈ ಕಾಗದ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡಿ. ಹತ್ತು ಸಲ ಮಾಡಿದೆ. ಎಂಟು ಸಲ ಎತ್ತಲಿಲ್ಲ, ಎರಡು ಸಲ ಎತ್ತಿ ಈಗ ಪುರುಸೊತ್ತಿಲ್ಲ ಎಂದು ಇಟ್ಟುಬಿಟ್ಟಿರಿ. ಕಾಗದವಾದರೆ ಕೊನೆಯವರೆಗೂ ನಾನೇ ಮಾತಾಡಬಹುದು. ದಯವಿಟ್ಟು ಇದನ್ನು ಇಸ್ತ್ರಿಪೆಟ್ಟಿಗೆಯ ಅಡಿಗೆ ತುರುಕಬೇಡಿ. ಕಚೇರಿಯಿಂದ ಬಂದ ಲಕೋಟೆಗಳಿಗೆಲ್ಲ ನೀವು ತೋರಿಸುವ ಜಾಗ ಅದೇ ಎಂದು ನನಗೆ ಗೊತ್ತಿಲ್ಲವೇ?

ವಿಷಯಕ್ಕೆ ಬರುತ್ತೇನೆ. ಬರುವ ಗುರುವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹನ್ನೊಂದಕ್ಕೆ ಮಕ್ಕಳ ಜೀವನಾಂಶದ ಕಚೇರಿಯಲ್ಲಿ ನಿಮ್ಮ ತಕರಾರಿನ ವಿಚಾರಣೆ ಇದೆ. ಅದು ಕೊನೆಯದು. ಅವತ್ತು ನೀವು ಹೋಗದಿದ್ದರೆ, ಹೋಗಿಯೂ ನಿಮ್ಮ ಮಾಮೂಲಿ ಮಾತು ಆಡಿ ಬಂದರೆ, ಅವರು ಕಟ್ಟಿದ ಅಂದಾಜೇ ಕಾಯಂ. ಮೂರು ತಿಂಗಳ ಬಾಕಿ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೈದು. ಅದನ್ನು ವಸೂಲು ಮಾಡಲು ನಿಮ್ಮ ರಿಪೇರಿ ಅಂಗಡಿಗೆ ಬೀಗ ಹಾಕುತ್ತಾರೆ. ಬೀಗ ಬಿದ್ದ ಅಂಗಡಿಯಿಂದ ನನ್ನ ಮಗಳಿಗೆ ಏನು ಬರುತ್ತದೆ? ತಿರುಪುಮೊಳೆಯೂ ಬರುವುದಿಲ್ಲ.

ನಾನು ಆ ಕಚೇರಿಯ ಮೆಟ್ಟಿಲು ಹತ್ತಿದ್ದು ನಿಮ್ಮ ಮೇಲಿನ ಸೇಡಿಗಲ್ಲ. ಅಷ್ಟಾದರೂ ನಂಬಿ. ಶಾಲೆಯ ಶುಲ್ಕದಲ್ಲಿ ರಿಯಾಯಿತಿ ಕೇಳಿದೆ. ತಂದೆ ತಾಯಿ ಬೇರೆ ಬೇರೆ ಇದ್ದರೆ ತಂದೆ ಎಷ್ಟು ಕೊಡುತ್ತಾರೆ ಎಂಬುದಕ್ಕೆ ಕಚೇರಿಯ ಒಂದು ಕಾಗದ ಬೇಕು ಅಂದರು. ನೀವು ತಿಂಗಳ ಮೊದಲ ಭಾನುವಾರ ಮೆಟ್ಟಿಲ ಹತ್ತಿರ ನಿಂತು ಲಕೋಟೆಯಲ್ಲಿ ಕೊಟ್ಟು ಹೋಗುತ್ತಿದ್ದ ನಾಲ್ಕು ಸಾವಿರಕ್ಕೆ ಕಾಗದ ಎಲ್ಲಿಂದ ತರಲಿ? ಅರ್ಜಿ ಹಾಕಿದೆ. ಈಗ ನೋಡಿ, ತಿಂಗಳಿಗೆ ಹದಿನೈದು ಸಾವಿರದ ಇನ್ನೂರ ಇಪ್ಪತ್ತೈದು ಬರುವ ಮಗುವಿಗೆ ರಿಯಾಯಿತಿ ಯಾಕೆ ಎಂದು ಶಾಲೆಯವರು ಅರ್ಜಿ ವಾಪಸು ಕಳಿಸಿದ್ದಾರೆ. ಕೈಗೆ ಬರುತ್ತಿದ್ದ ನಾಲ್ಕೂ ನಿಂತಿತು. ಕಾಗದದಲ್ಲಿ ನಾನು ಶ್ರೀಮಂತೆ, ಮನೆಯಲ್ಲಿ ಹಾಲಿನವನಿಗೆ ಮುಖ ತೋರಿಸಲಾರದೆ ಓಡಾಡುತ್ತಿದ್ದೇನೆ.

ಆ ಇನ್ನೂರ ಇಪ್ಪತ್ತೈದು ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಂಡು ಆದೇಶದ ಜೊತೆಗಿದ್ದ ತಪಾಸಣೆಯ ವರದಿ ಓದಿದೆ. ಓದುತ್ತಾ ಹೋದಂತೆ ನಗು ಬಂತು, ಆಮೇಲೆ ಸಿಟ್ಟು ಬಂತು. ನಿಮ್ಮ ಅಂಗಡಿಗೆ ಬಂದು ಹೋದರಲ್ಲ ಆ ಅಧಿಕಾರಿ, ನಾನು ಅವರನ್ನು ಅಂದಾಜಿನ ಮೇಡಂ ಎಂದೇ ಕರೆಯುತ್ತೇನೆ, ಅವರು ಬರೆದಿದ್ದಾರೆ: ಅಂಗಡಿಯ ಕಪಾಟುಗಳಲ್ಲಿ ಚೀಟಿ ಕಟ್ಟಿದ ಎಂಬತ್ತೇಳು ವಸ್ತುಗಳು. ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ, ಹೀಟರು, ಮೇಜಿನ ದೀಪ. ಒಂದಕ್ಕೆ ಸರಾಸರಿ ಏಳುನೂರು ಕೂಲಿ. ಎಲ್ಲ ಚೀಟಿಗಳ ಮೇಲೂ ಕೊಡುವ ದಿನ ‘ನಾಳೆ’ ಎಂದಿದೆ. ಆದರೂ ಉದಾರವಾಗಿ ಒಂದು ತಿಂಗಳ ಕೆಲಸವೆಂದು ಪರಿಗಣಿಸಲಾಗಿದೆ. ಎಂಬತ್ತೇಳು ಏಳುನೂರಲಿ ಅರವತ್ತು ಸಾವಿರದ ಒಂಬೈನೂರು. ಅದರಲ್ಲಿ ಕಾಲು ಪಾಲು ಮಗುವಿಗೆ. ಗುಣಾಕಾರದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಉದಾರವಾಗಿ! ಆ ಪದ ಓದಿ ಹಣೆ ಚಚ್ಚಿಕೊಂಡೆ.

ಮೇಡಮ್ಮನ್ನು ಮಾತ್ರ ಬೈದು ಪ್ರಯೋಜನವಿಲ್ಲ. ವರದಿಯ ಪ್ರಕಾರ ನೀವು ಅವರಿಗೆ ಸ್ಟೂಲು ಒರೆಸಿ ಕೊಟ್ಟು, ಎಲ್ಲವೂ ಓಡುತ್ತವೆ ನೋಡಿ ಎಂದು ಏಳು ಫ್ಯಾನು ಒಟ್ಟಿಗೆ ಹಾಕಿ ತೋರಿಸಿದಿರಂತೆ. ಅವರ ಕಾಗದವೆಲ್ಲ ಹಾರಿ ಬೀದಿಗೆ ಹೋಯಿತಂತೆ. ಅವರು ಅದನ್ನೆಲ್ಲ ಹೆಕ್ಕಿಕೊಂಡು ಬಂದು ಬರೆದ ತೀರ್ಮಾನ ಒಂದೇ ಸಾಲು: ವಸ್ತುಗಳೆಲ್ಲ ಸುಸ್ಥಿತಿಯಲ್ಲಿವೆ, ಗಿರಾಕಿಗೆ ಕೊಡಲು ಸಿದ್ಧ. ವ್ಯಾಪಾರ ಹೇಗಿದೆ ಎಂದು ಕೇಳಿದಾಗ ನೀವು ಅಂದ ಮಾತನ್ನು ಅಕ್ಷರ ಬಿಡದೆ ಇಳಿಸಿದ್ದಾರೆ:

“ಅಯ್ಯೋ, ಉಸಿರಾಡೋಕೂ ಪುರುಸೊತ್ತಿಲ್ಲ ಮೇಡಂ.”

ಯಾರಾದರೂ ಜೀವನಾಂಶದ ಲೆಕ್ಕ ಹಾಕಲು ಬಂದವರಿಗೆ ಹೀಗೆ ಹೇಳುತ್ತಾರೆಯೇ? ಲೋಕದಲ್ಲಿ ಎಲ್ಲ ಗಂಡಸರೂ ಆ ಕಚೇರಿಯವರನ್ನು ಕಂಡರೆ ಇಲ್ಲದ ಬಡತನ ಹೇಳಿಕೊಳ್ಳುತ್ತಾರಂತೆ. ಅಲ್ಲಿನ ಗುಮಾಸ್ತರೇ ಹೇಳಿದರು, ಒಬ್ಬ ಹರಕು ಅಂಗಿಯನ್ನು ಬೇರೆಯವರಿಂದ ಎರವಲು ತಂದು ಹಾಕಿಕೊಂಡು ಬಂದಿದ್ದನಂತೆ. ನೀವೊಬ್ಬರೇ ಇಲ್ಲದ ಸಿರಿವಂತಿಕೆ ಹೇಳಿಕೊಂಡವರು.

ಮತ್ತೆ ನಿಮ್ಮ ತಕರಾರು ಅರ್ಜಿ! ಅದನ್ನೂ ಕಡತದಲ್ಲಿ ಓದಿದೆ. ನಾಲ್ಕು ಪುಟ. ಈಗಿನ ಫ್ಯಾನುಗಳಿಗೆ ಕಂಪನಿಯವರು ತಿರುಪು ಇಡುವುದಿಲ್ಲ, ಅಂಟು ಹಾಕಿ ಮುಚ್ಚುತ್ತಾರೆ, ಬಿಚ್ಚಿದರೆ ಒಡೆಯುತ್ತದೆ ಎಂದು ಒಂದೂವರೆ ಪುಟ. ತಾಮ್ರದ ತಂತಿಗೆ ಮೊದಲಿದ್ದ ಗುಣಮಟ್ಟ ಈಗ ಇಲ್ಲ ಎಂದು ಒಂದು ಪುಟ. ಹಳೆಯ ರೇಡಿಯೋ ಒಂದರ ಹೊಗಳಿಕೆ ಮುಕ್ಕಾಲು ಪುಟ. ಕೊನೆಯಲ್ಲಿ, ಆದ್ದರಿಂದ ಲೆಕ್ಕ ಸರಿಪಡಿಸಬೇಕಾಗಿ ವಿನಂತಿ. ತಿಂಗಳಿಗೆ ನಿಮಗೆ ಎಷ್ಟು ಬರುತ್ತದೆ ಎಂಬುದು ಮಾತ್ರ ತಲೆಯಿಂದ ಬುಡದವರೆಗೆ ಎಲ್ಲೂ ಇಲ್ಲ. ಅಂಚಿನಲ್ಲಿ ಮೇಡಂ ಕೆಂಪು ಪೆನ್ಸಿಲಿನಲ್ಲಿ ‘ವರಮಾನದ ಉಲ್ಲೇಖವಿಲ್ಲ’ ಎಂದು ಬರೆದಿದ್ದಾರೆ. ಪಾಪ, ಅವರಾದರೂ ಏನು ಮಾಡಿಯಾರು?

ನಾನು ಕಡತ ನೋಡಿದ್ದು ಹೇಗೆ ಎಂದು ಕೇಳುತ್ತೀರಿ. ಹೋಗಿ ಕೇಳಿದೆ. ಕಿಟಕಿಯ ಗುಮಾಸ್ತರು ಮೊತ್ತ ಹೆಚ್ಚು ಮಾಡಿಸಬೇಕೇ ಎಂದು ಒಂದು ನಮೂನೆ ಮುಂದೆ ತಳ್ಳಿದರು. ಅಲ್ಲ, ಅಂದಾಜು ತಪ್ಪಾಗಿದೆ, ಕಡಿಮೆ ಮಾಡಬೇಕು ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನೇ ನೋಡಿದರು.

“ಹನ್ನೊಂದು ವರ್ಷದಿಂದ ಈ ಕಿಟಕೀಲಿ ಕೂತಿದೀನಮ್ಮ. ಕಡಿಮೆ ಮಾಡ್ಸೋಕೆ ಅಂತ ಬಂದ ತಾಯಿ ನೀವೇ ಮೊದಲು.”

ಕಡಿಮೆಯಲ್ಲ, ಸರಿ ಮಾಡಿಸಲು ಬಂದಿದ್ದೇನೆ ಅಂದೆ. ಅದಕ್ಕೆ ನಮೂನೆ ಇಲ್ಲ ಅಂದರು. ಸರತಿಯಲ್ಲಿ ಹಿಂದೆ ನಿಂತಿದ್ದ ಹೆಂಗಸು ನನ್ನ ಮೊಣಕೈ ತಿವಿದು, ನಿನಗೇನು ಹುಚ್ಚಾ ಎಂಬಂತೆ ಕಣ್ಣು ಮಾಡಿದಳು. ನನಗೂ ಅದೇ ಅನುಮಾನ ಇತ್ತು. ಕೊನೆಗೆ ಗುಮಾಸ್ತರಿಗೆ ಕನಿಕರ ಬಂದು, ಮೂಲೆಯ ಬೆಂಚಿನಲ್ಲಿ ಕೂತು ಕಡತ ನೋಡಲು ಬಿಟ್ಟರು.

ಅಲ್ಲಿ ನಿಮ್ಮ ಕಪಾಟುಗಳ ಫೋಟೋಗಳಿದ್ದವು, ಬಣ್ಣದ್ದು, ಆರು. ಈಗ ಸರಿಯಾಗಿ ಓದಿ, ಗುರುವಾರ ನಿಮ್ಮನ್ನು ಉಳಿಸುವುದು ಇದೇ. ಚೀಟಿಗಳು ಕಾಣುತ್ತವೆ. ಕೆಲವು ಪೆನ್ಸಿಲಿನವು, ನಿಮ್ಮ ಇರುವೆ ಹರಿದಂಥ ಅಕ್ಷರ. ಉಳಿದವು ಹಸಿರು ಶಾಯಿಯವು. ಅವು ಯಾರದ್ದು? ನಿಮ್ಮ ಅಕ್ಷರ ಗಿರಾಕಿಗಳಿಗೆ ಓದಲು ಬರುವುದಿಲ್ಲ ಎಂದು ಸಂಜೆ ಮನೆಗೆ ಪಟ್ಟಿ ತರುತ್ತಿದ್ದಿರಿ, ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಚೀಟಿ ಬರೆಯುತ್ತಿದ್ದೆ. ‘ಬೇಕರಿಯವರ ತಮ್ಮ, ಫ್ಯಾನು, ಕಿರ್ ಅನ್ನುತ್ತೆ.’ ‘ಉದ್ದ ಜಡೆಯ ಟೀಚರು, ಇಸ್ತ್ರಿ, ಬಿಸಿಯಾಗಲ್ಲ.’ ಕೊಡುವ ದಿನದ ಜಾಗದಲ್ಲಿ ತಾರೀಖು ಹಾಕೋಣ ಎಂದು ಎಷ್ಟು ಸಲ ಬಡಿದುಕೊಂಡೆ! ನೀವು ಕೇಳಿದ್ದರೆ ತಾನೆ? ತಾರೀಖು ಹಾಕಿದರೆ ಗಿರಾಕಿಗೆ ದೂರ ಅನ್ನಿಸುತ್ತದೆ, ನಾಳೆ ಅಂದರೆ ಖುಷಿಯಾಗುತ್ತಾರೆ ಅಂದಿರಿ. ಒಂದೊಂದು ಚೀಟಿಗೂ ನಾಳೆ ನಾಳೆ ಎಂದು ಬರೆದವಳು ನಾನೇ. ಆ ನಾಳೆಗಳೆಲ್ಲ ಸೇರಿ ಈಗ ಅರವತ್ತು ಸಾವಿರ ಆಗಿವೆ.

ಎಣಿಸಿದೆ. ಎಣಿಸುವುದೇ ನನ್ನ ಕೆಲಸವಲ್ಲವೇ, ಎಷ್ಟು ಹೊದಿಕೆ ವಾರ್ಡಿಗೆ ಹೋಯಿತು, ಎಷ್ಟು ತಿರುಗಿ ಬಂತು. ಎಂಬತ್ತೇಳರಲ್ಲಿ ಐವತ್ತೊಂಬತ್ತು ಹಸಿರು. ನಾನು ಮನೆ ಬಿಟ್ಟು ಮೂರು ವರ್ಷವಾಯಿತು. ಅಂದರೆ ಆ ಐವತ್ತೊಂಬತ್ತೂ ಮೂರು ವರ್ಷಕ್ಕಿಂತ ಹಿಂದೆ ಬಂದವು. ಯಾರೂ ಬಿಡಿಸಿಕೊಂಡು ಹೋಗಲಿಲ್ಲ, ಹೊಸದು ಕೊಂಡುಕೊಂಡಿರುತ್ತಾರೆ. ಉಳಿದ ಇಪ್ಪತ್ತೆಂಟರಲ್ಲೂ ಈ ತಿಂಗಳಿನವು ಎಷ್ಟಿವೆಯೋ ನಿಮಗೇ ಗೊತ್ತು. ಎಡಗಡೆಯ ಮೇಲಿನ ಕಪಾಟಿನಲ್ಲಿ ಕಪ್ಪು ಹಿಡಿಯ ಇಸ್ತ್ರಿಪೆಟ್ಟಿಗೆ ಇದೆಯಲ್ಲ, ಅದರ ಚೀಟಿ ಬರೆದಾಗ ಬಲ್ಬು ನನ್ನ ಹೊಟ್ಟೆಯಲ್ಲಿದ್ದಳು. ಅದರಿಂದಲೂ ಏಳುನೂರು ಬಂತೆಂದು ನಿಮ್ಮ ಲೆಕ್ಕಕ್ಕೆ ಹಾಕಿದ್ದಾರೆ.

ಅಂಗಡಿಯಲ್ಲಿ ಇಟ್ಟುಕೊಳ್ಳುವುದಾದರೂ ಯಾಕೆ ಎಂದು ನಾನು ಕೇಳುವುದಿಲ್ಲ. ಉತ್ತರ ಗೊತ್ತು. ಅವರು ಬಂದರೆ? ಹತ್ತು ವರ್ಷ ಬಿಟ್ಟು ಬಂದು ನನ್ನ ಇಸ್ತ್ರಿಪೆಟ್ಟಿಗೆ ಎಲ್ಲಿ ಅಂದರೆ? ಹೀಗೆ ಯೋಚಿಸುವ ಮನುಷ್ಯನ ಮೇಲೆ ಪೂರ್ತಿ ಸಿಟ್ಟು ಮಾಡಲೂ ಆಗುವುದಿಲ್ಲ, ಅದೇ ನನ್ನ ಕರ್ಮ.

ಇನ್ನೊಂದು ವಿಷಯ. ಹೇಳಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಹೋದ ಬುಧವಾರ ನನಗೆ ರಜೆ. ನಿಮ್ಮ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಕೂತಿದ್ದೆ. ಮುಖಕ್ಕೆ ಕೊಡೆ ಅಡ್ಡ ಹಿಡಿದುಕೊಂಡಿದ್ದೆ, ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ, ಜನ ಏನಂದುಕೊಂಡರೋ. ಮೂರು ಗಂಟೆಯಲ್ಲಿ ನಿಮ್ಮ ಅಂಗಡಿಗೆ ಮೂವರು ಬಂದರು. ಒಬ್ಬ ದಾರಿ ಕೇಳಿದ. ಒಬ್ಬಳು ಚಿಲ್ಲರೆ ಕೇಳಿದಳು. ಒಬ್ಬ ಮುದುಕರು ನೀರು ಕಾಯಿಸುವ ಕೆಟಲ್ ತಂದರು. ನೀವು ಅದರ ಮುಂದೆ ನಲವತ್ತು ನಿಮಿಷ ಬಗ್ಗಿ ಕೂತಿರಿ. ತಂತಿ ಸಡಿಲವಾಗಿತ್ತು ಅಷ್ಟೇ ಎಂಬಂತೆ ಕೈಯಾಡಿಸಿ, ಕಾಸು ತೆಗೆದುಕೊಳ್ಳದೆ ಕಳಿಸಿದಿರಿ. ನನಗೆ ರಸ್ತೆ ದಾಟಿ ಬಂದು ನಿಮ್ಮ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು.

ಉಳಿದ ಹೊತ್ತು ನೀವು ಏನು ಮಾಡುತ್ತಿದ್ದಿರಿ ಎಂದೂ ನೋಡಿದೆ. ಕಪಾಟಿನಿಂದ ಒಂದೊಂದೇ ವಸ್ತು ಇಳಿಸಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದಿರಿ. ಆಗ ನಿಮ್ಮ ಫೋನ್ ಬಡಿಯಿತು. ಕೊಡೆಯ ಹಿಂದಿನಿಂದ ಮಾಡಿದ್ದು ನಾನೇ. ನೀವು ಎತ್ತಿ, ಒಂದು ಕೈಯಲ್ಲಿ ಬಟ್ಟೆ ತುಂಡು ಹಿಡಿದುಕೊಂಡೇ, ಈಗ ಪುರುಸೊತ್ತಿಲ್ಲ ಅಂದಿರಿ.

ಅಲ್ಲಿ ಕೂತಲ್ಲೇ ನನಗೆ ಅಳು ಬಂತು. ಸಿಟ್ಟಿನ ಅಳು. ಏಳೆಂಟು ವರ್ಷ ನಾನು ನಿಮ್ಮ ಕೆಲಸದ ಮೇಲೆ ಹೊಟ್ಟೆಕಿಚ್ಚು ಪಟ್ಟೆನಲ್ಲ! ಮಗುವಿಗೆ ಜ್ವರ ಬಂದಾಗ ಪುರುಸೊತ್ತಿಲ್ಲ, ನನ್ನ ಅಕ್ಕನ ಮನೆಗೆ ಹೋಗೋಣ ಅಂದರೆ ಪುರುಸೊತ್ತಿಲ್ಲ, ಬಲ್ಬು ಶಾಲೆಯಲ್ಲಿ ಹಾಡಿದ ದಿನ ಪುರುಸೊತ್ತಿಲ್ಲ. ಅಂಗಡಿಯೇ ಇವರ ಹೆಂಡತಿ, ಅಂಗಡಿಯೇ ಇವರ ಮಗಳು ಎಂದು ಬೈದು ಬೈದು ಕೊನೆಗೆ ಹೊರಟೇ ಬಂದೆ. ಇಲ್ಲದ ಕೆಲಸದ ಮೇಲೆ ನಾನು ಜಗಳವಾಡಿದ್ದು. ಗಿರಾಕಿ ಬರುತ್ತಿಲ್ಲ, ಬರಿಗೈಯಲ್ಲಿ ಮನೆಗೆ ಬರಲು ನಾಚಿಕೆ ಎಂದು ಒಂದು ಸಲ ಹೇಳಿದ್ದರೆ ನಿಮ್ಮ ನಾಲಿಗೆ ಸವೆದು ಹೋಗುತ್ತಿತ್ತೇ? ನನ್ನದೂ ತಪ್ಪಿದೆ. ಬಂದದ್ದಕ್ಕೆಲ್ಲ ಚೀಟಿ ಬರೆದೆ, ಹೋದದ್ದು ಎಷ್ಟು ಎಂದು ಕೇಳಲಿಲ್ಲ. ಬಟ್ಟೆ ಕೋಣೆಯಲ್ಲಿ ಹೀಗೆ ಮಾಡಿದ್ದರೆ ಒಂದೇ ವಾರದಲ್ಲಿ ಕೆಲಸದಿಂದ ತೆಗೆಯುತ್ತಿದ್ದರು.

ಈ ಮೂರು ತಿಂಗಳಿಂದ ಭಾನುವಾರ ನೀವು ಬರುವುದನ್ನೇ ನಿಲ್ಲಿಸಿದ್ದೀರಿ. ಹದಿನೈದು ಕೊಡಬೇಕಾದಲ್ಲಿ ನಾಲ್ಕು ಹಿಡಿದುಕೊಂಡು ಹೇಗೆ ಬರಲಿ ಅಂದುಕೊಂಡಿರಿ, ನಿಜ ತಾನೆ? ನಾಲ್ಕೂ ಬೇಡ, ಬರಿಗೈಯಲ್ಲಾದರೂ ಬರಬಹುದಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಕಾಯುತ್ತಾಳೆ. ಮೊದಲ ತಿಂಗಳು ಮಧ್ಯಾಹ್ನದವರೆಗೆ ಕಾದಳು. ಎರಡನೇ ತಿಂಗಳು ಒಂದು ಗಂಟೆ. ಈ ಸಲ ಕಾಯಲಿಲ್ಲ, ಪುಸ್ತಕ ಓದುತ್ತಾ ಒಳಗೇ ಇದ್ದಳು.

ಹೋದ ವಾರ ಶಾಲೆಯಿಂದ ಕರೆ ಬಂತು. ಮಕ್ಕಳೇ ತುಂಬುವ ಒಂದು ಪರಿಚಯದ ಹಾಳೆ ಕೊಟ್ಟಿದ್ದರಂತೆ. ನಿಮ್ಮ ಮಗಳು ‘ತಂದೆಯ ಉದ್ಯೋಗ’ ಎಂಬಲ್ಲಿ ದುಂಡಗೆ ‘ಪುರುಸೊತ್ತಿಲ್ಲ’ ಎಂದು ಬರೆದಿದ್ದಾಳೆ. ಟೀಚರು ನಗುತ್ತಾ, ಇದು ಉದ್ಯೋಗವಲ್ಲ ಮರಿ, ಅಪ್ಪ ಏನು ಕೆಲಸ ಮಾಡುತ್ತಾರೆ ಹೇಳು ಎಂದು ಕೇಳಿದರಂತೆ.

“ಅಪ್ಪ ದಿನಾ ಅದನ್ನೇ ಮಾಡ್ತಾರೆ ಟೀಚರ್.”

ಅವಳು ತಮಾಷೆಗೆ ಅಂದದ್ದಲ್ಲ. ಟೀಚರ ನಗು ಅಲ್ಲಿಗೆ ನಿಂತಿತಂತೆ. ನಾನು ಆ ಹಾಳೆ ಮಡಚಿ ಚೀಲದಲ್ಲಿ ಇಟ್ಟುಕೊಂಡು ಬಂದೆ, ಈಗಲೂ ಅಲ್ಲೇ ಇದೆ.

ಆದ್ದರಿಂದ ಗುರುವಾರ ನೀವು ಬರಬೇಕು. ಕೂಲಿ ರಸೀತಿಯ ಪುಸ್ತಕ ತನ್ನಿ, ಎಣ್ಣೆ ಕಲೆ ಇದ್ದರೂ ಪರವಾಗಿಲ್ಲ. ತಿಂಗಳಿಗೆ ಇಪ್ಪತ್ತು ಕೆಲಸಕ್ಕಿಂತ ಹೆಚ್ಚು ಅದರಲ್ಲಿ ಇರಲಾರದು ಎಂದು ನನ್ನ ಅಂದಾಜು, ನನ್ನ ಅಂದಾಜು ಮೇಡಮ್ಮನದಕ್ಕಿಂತ ಹತ್ತಿರ ಇರುತ್ತದೆ. ಹಾಗಾದರೆ ಹದಿನಾಲ್ಕು ಸಾವಿರ, ಅದರ ಕಾಲು ಪಾಲು ಮೂರೂವರೆ. ನೀವು ಕೊಡುತ್ತಿದ್ದ ನಾಲ್ಕಕ್ಕಿಂತ ಐನೂರು ಕಡಿಮೆ! ಲೆಕ್ಕಕ್ಕಿಂತ ಹೆಚ್ಚು ಕೊಡುತ್ತಿದ್ದ ಮನುಷ್ಯ ಬಾಕಿದಾರ ಎಂದು ಕಾಗದದಲ್ಲಿ ಬರೆಸಿಕೊಂಡು ಕೂತಿದ್ದಾರೆ. ನಿಮಗೆ ಏನನ್ನಬೇಕು ಹೇಳಿ. ಹಸಿರು ಚೀಟಿಗಳನ್ನೆಲ್ಲ ಬಿಚ್ಚಿ ಒಂದು ಡಬ್ಬಿಯಲ್ಲಿ ತನ್ನಿ. ನಾನು ಅರ್ಧ ದಿನ ರಜೆ ಹಾಕಿದ್ದೇನೆ. ಮೇಡಮ್ಮನ ಮುಂದೆ ಕೂತು, ಇದು ನನ್ನ ಕೈಬರಹ, ನಾನು ಬರೆದದ್ದು ಇಂಥ ವರ್ಷದವರೆಗೆ ಎಂದು ಹೇಳಿ ಸಹಿ ಹಾಕುತ್ತೇನೆ. ಅವರು ಬರೆದು ತೋರಿಸಿ ಅಂದರೆ ಅಲ್ಲೇ ಬರೆದೂ ತೋರಿಸುತ್ತೇನೆ. ಈ ಕಾಗದವನ್ನೂ ಹಸಿರು ಶಾಯಿಯಲ್ಲೇ ಬರೆದಿದ್ದೇನೆ ನೋಡಿ. ಆದರೆ ಇದನ್ನು ಅವರಿಗೆ ತೋರಿಸಬೇಡಿ, ಇಬ್ಬರ ಮಾನವೂ ಹೋಗುತ್ತದೆ.

ನಿಮ್ಮ ಪಾಲಿಗೆ ಇರುವುದು ಒಂದೇ ಕೆಲಸ. ವ್ಯಾಪಾರ ಹೇಗಿದೆ ಎಂದು ಅವರು ಮತ್ತೆ ಕೇಳುತ್ತಾರೆ. ಆಗ ಕಪಾಟು, ತಾಮ್ರ, ಅಂಟು ಯಾವುದನ್ನೂ ಎತ್ತದೆ, ಪುರುಸೊತ್ತು ಬೇಕಾದಷ್ಟಿದೆ ಮೇಡಂ, ಗಿರಾಕಿ ಇಲ್ಲ ಎಂದು ಹೇಳಬೇಕು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡು ಬನ್ನಿ. ಕಷ್ಟ ಎಂದು ಗೊತ್ತು. ನಾಚಿಕೆಯಾಗುವಂಥದ್ದು ಅದರಲ್ಲಿ ಏನೂ ಇಲ್ಲ, ಇದನ್ನು ನಿಮಗೆ ಆಗಲೇ ಯಾರಾದರೂ ಹೇಳಬೇಕಿತ್ತು.

ಬಿಡುವು ಮುಗಿಯಿತು, ಮೂರನೇ ವಾರ್ಡಿನ ಹೊದಿಕೆಗಳು ಬಂದು ಬಿದ್ದಿವೆ, ಎಣಿಸಬೇಕು. ಹನ್ನೊಂದು ಗಂಟೆ ಅಂದರೆ ಹನ್ನೊಂದು ಗಂಟೆ.

ಇಂತಿ, ಚೀಟಿ ಬರೆಯುತ್ತಿದ್ದವಳು,
ಬಲ್ಬುವಿನ ಅಮ್ಮ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕಾಗದ ಅಂಟಿಸಿಯಾಗಿತ್ತು, ಮತ್ತೆ ಬಿಡಿಸಿದ್ದೇನೆ. ಆದೇಶದ ಮೂರನೇ ಪುಟ ನೀವು ಓದಿರಲಾರಿರಿ. ಅಲ್ಲಿ ನಿಮ್ಮ ಮಾತಿನ ಕೆಳಗೆ ಇನ್ನೊಂದು ಸಾಲಿದೆ: ‘ತಾಯಿಯ ಹೇಳಿಕೆಯೂ ಇದನ್ನೇ ದೃಢಪಡಿಸುತ್ತದೆ.’ ನನ್ನ ಅರ್ಜಿಯಲ್ಲಿ, ತಂದೆ ಮಗುವನ್ನು ಹೆಚ್ಚು ಸಲ ನೋಡದಿರಲು ಕಾರಣವೇನು ಎಂಬ ಕಾಲಂ ಇತ್ತು. ಸಿಟ್ಟಿನಲ್ಲಿ, ಚುಚ್ಚಬೇಕೆಂದೇ, ‘ಅವರಿಗೆ ಯಾವಾಗಲೂ ಪುರುಸೊತ್ತಿಲ್ಲದಷ್ಟು ಕೆಲಸ’ ಎಂದು ಬರೆದೆ. ಮೇಡಂ ನಿಮ್ಮ ಅಂಗಡಿಗೆ ಬರುವ ಮೊದಲೇ ಅದನ್ನು ಓದಿಕೊಂಡು ಬಂದಿದ್ದರು. ಆ ಅರವತ್ತು ಸಾವಿರದ ಲೆಕ್ಕ ಮೊದಲು ಶುರು ಮಾಡಿಕೊಟ್ಟವಳು ನಾನೇ. ನಾನು ಅದನ್ನು ಬರೆಯುವಾಗ ಬಲ್ಬು ಪಕ್ಕದಲ್ಲೇ ಕೂತಿದ್ದಳು. ಪುರುಸೊತ್ತು ಅನ್ನುವುದಕ್ಕೆ ಒತ್ತು ಎಲ್ಲಿ ಬರುತ್ತದೆ ಎಂದು ಕೇಳಿದಳು, ತೋರಿಸಿಕೊಟ್ಟೆ. ಅವಳ ಶಾಲೆಯ ಹಾಳೆಯಲ್ಲಿ ಆ ಪದ ಒಂದೂ ತಪ್ಪಿಲ್ಲದೆ ಇದೆ. ಗುರುವಾರ ಮೊದಲು ನನ್ನ ಸಾಲು ಹೊಡೆದು ಹಾಕಿಸುತ್ತೇನೆ, ಆಮೇಲೆ ನಿಮ್ಮದು. ಭಾನುವಾರ ಅವಳನ್ನು ಹತ್ತು ಗಂಟೆಗೆ ಅಂಗಡಿಗೇ ಕರೆದುಕೊಂಡು ಬರುತ್ತೇನೆ, ಅವಳ ಮುಂದೆ ಏಳು ಫ್ಯಾನೂ ಒಟ್ಟಿಗೆ ಹಾಕಿ ತೋರಿಸಿ. ಪುರುಸೊತ್ತಿದೆಯೇ ಎಂದು ಕೇಳುವುದಿಲ್ಲ. ಇದೆ, ನಾನೇ ಕೂತು ಎಣಿಸಿದ್ದೇನೆ.